ವ್ಯಾನ್ ಹತ್ತಿದ ಕ್ಯಾಪ್ಟನ್

ಅವರ ಹಣೆ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೊದಲು ಸನ್‌ಸ್ಕ್ರೀನ್ ಬಳಿದುಕೊಂಡು, ಅದು ಆರುವ ಮೊದಲೇ ಮೇಲೆ ಮೂರು ಬೆರಳಿನ ವಿಭೂತಿ ಎಳೆದುಕೊಳ್ಳುತ್ತಿದ್ದರು. ಬಿಸಿಲೇರಿದಂತೆ ಎರಡೂ ಬೆವರಿನಲ್ಲಿ ಕಲೆತು ಹುಬ್ಬಿನ ಮೇಲಿಳಿದು, ಮುಖವೆಲ್ಲ ಅರ್ಧ ಸುಣ್ಣ ಹೊಡೆದು ಬಿಟ್ಟ ಗೋಡೆಯಂತಾಗುತ್ತಿತ್ತು. ಕೊರಳಲ್ಲಿ ರುದ್ರಾಕ್ಷಿ, ಅದರ ಪಕ್ಕದಲ್ಲೇ ಒಂದು ಪ್ಲಾಸ್ಟಿಕ್ ಸೀಟಿ. ಮೈಮೇಲೆ ರಸ್ತೆ ಕೆಲಸದವರು ತೊಡುವ ಹಳದಿ ಜಾಕೆಟ್, ಅದರ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ‘ಕ್ಯಾಪ್ಟನ್’. ಆ ಪದವಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅವರೇ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು.

ಪ್ರಿನ್ಸ್‌ಟನ್ ಹತ್ತಿರದ ಯಾವುದೋ ಔಷಧ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದು ರಿಟೈರ್ ಆದ ಮನುಷ್ಯ. ಕೈಕೆಳಗೆ ನಾಲ್ಕು ಜನರಿಲ್ಲದೆ ಬದುಕುವುದು ಅವರಿಗೆ ಗೊತ್ತೇ ಇರಲಿಲ್ಲವೆಂದು ಕಾಣುತ್ತದೆ. ಅದಕ್ಕೇ ಪಾದಯಾತ್ರೆ ಹುಟ್ಟುಹಾಕಿದರು. ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಐಸೆಲಿನ್‌ನ ಓಕ್ ಟ್ರೀ ರಸ್ತೆಯ ಒಂದು ಮಿಠಾಯಿ ಅಂಗಡಿಯ ಮುಂದಿನಿಂದ ಹೊರಟು, ಪ್ರಿನ್ಸ್‌ಟನ್ ದಾಟಿ, ಹೊಲಗಳಾಚೆ ಗುಡ್ಡದ ಮೇಲಿರುವ ಈಶ್ವರನ ಗುಡಿಗೆ. ಅದೂ ಒಂದೇ ಸಲಕ್ಕಲ್ಲ, ಕಂತಿನಲ್ಲಿ! ಶನಿವಾರ ನಡೆಯುವುದು, ಸಂಜೆ ಕಾರು ಹತ್ತಿ ಮನೆಗೆ ಹೋಗಿ ಎಸಿ ಹಾಕಿಕೊಂಡು ಮಲಗುವುದು, ಮುಂದಿನ ಶನಿವಾರ ನಿಂತಲ್ಲಿಂದಲೇ ಮತ್ತೆ ಶುರು. ನಿಂತ ಜಾಗದಲ್ಲಿ ಕ್ಯಾಪ್ಟನ್ ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯ ಜೊತೆ ತಮ್ಮ ಮುಖವೂ ಬರುವಂತೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಮುಂದಿನ ವಾರ ಎಲ್ಲರೂ ಅದೇ ಗೆರೆಯ ಮೇಲೆ ಬಲಗಾಲಿಟ್ಟೇ ಹೊರಡಬೇಕು. ನಾನು ಬಾಗಲಕೋಟೆ ಕಡೆಯವಳು. ನಮ್ಮವ್ವ ರೊಟ್ಟಿಯ ಗಂಟು ಹೆಗಲಿಗೆ ಹಾಕಿಕೊಂಡು ಶ್ರೀಶೈಲದವರೆಗೆ ಬರಿಗಾಲಲ್ಲಿ ನಡೆದವಳು. ಈ ಸೀಮೆಸುಣ್ಣದ ಭಕ್ತಿ ನೋಡಿದ್ದರೆ ಅವಳು ನಗುತ್ತಿದ್ದಳೋ, ಉಗಿಯುತ್ತಿದ್ದಳೋ.

ಮತ್ತೆ ನಾನೇಕೆ ಹೋದೆ? ಹರಕೆ. ಮ್ಯಾನ್‌ಹಟನ್‌ನ ಆಸ್ಪತ್ರೆಯಲ್ಲಿ ನನ್ನ ಗಂಡನಿಗೆ ಎದೆ ಸೀಳಿ ಆಪರೇಷನ್ ಮಾಡುತ್ತಿದ್ದಾಗ, ವೇಟಿಂಗ್ ರೂಮಿನಲ್ಲಿ ಕೂತು ಬೇಡಿಕೊಂಡಿದ್ದೆ: ಈ ಮನುಷ್ಯ ಎದ್ದು ಮನೆಗೆ ಬರಲಿ, ವರ್ಷ ತುಂಬುವುದರೊಳಗೆ ನಿನ್ನ ಬಾಗಿಲಿಗೆ ಒಂದು ಹೆಜ್ಜೆಯೂ ಬಿಡದೆ ನಡೆದು ಬರುತ್ತೇನೆ. ಆತ ಎದ್ದು ಬಂದ. ಫುಟ್‌ಪಾತ್ ಇಲ್ಲದ ಆ ರಸ್ತೆಗಳಲ್ಲಿ ಒಬ್ಬಳೇ ನಡೆಯುವ ಧೈರ್ಯ ನನಗಿರಲಿಲ್ಲ. ಆ ಸೀಟಿಯ ಹಿಂದೆ ಹೋಗದೆ ಗತಿಯಿರಲಿಲ್ಲ.

ಮೊದಲ ದಿನವೇ ಕ್ಯಾಪ್ಟನ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಭಾಷಣ ಬಿಗಿದಿದ್ದರು. “ರೂಲ್ ಸಿಂಪಲ್. ಹಿಂದೆ ಸಪೋರ್ಟ್ ವ್ಯಾನ್ ಬರತ್ತೆ, ನಮ್ಮ ಮಿಸೆಸ್ ಡ್ರೈವ್ ಮಾಡ್ತಾರೆ. ವ್ಯಾನ್ ಹತ್ತಿದವರು ಟೆಂಪಲ್ ಹೊಸ್ತಿಲು ದಾಟೋ ಹಾಗಿಲ್ಲ. ಬಾಕಿ ನಡೆದು ಮುಗಿಸಿ, ಆಮೇಲೆ ಒಳಗೆ!” ಜನ ಚಪ್ಪಾಳೆ ತಟ್ಟಿ ಜಿಲೇಬಿ ತಿಂದರು.

ಆ ರೂಲಿಗೆ ಯಾರು ಕವಡೆ ಕಿಮ್ಮತ್ತು ಕೊಟ್ಟರು? ಏರು ಬಂದರೆ ಅರ್ಧ ಜನ ವ್ಯಾನಿನಲ್ಲಿ. ಮಜ್ಜಿಗೆಗೆ ನಿಲ್ಲುವ ಜಾಗ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಇಳಿದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತ ಬರುತ್ತಿದ್ದರು. ಕ್ಯಾಪ್ಟನ್ ಮಾತ್ರ ಎಲ್ಲರಿಗಿಂತ ಮೊದಲು ಮುಟ್ಟಿ, ಗ್ರೂಪಿಗೆ ಮೆಸೇಜ್ ಹಾಕುತ್ತಿದ್ದರು: ‘ಕ್ಯಾಪ್ಟನ್ ಬಂದ!’ ಪ್ರತಿ ನಿಲುಗಡೆಯಲ್ಲೂ ಅದೇ. ಬಂದರೆ ಬಾ ಮಾರಾಯ, ಊರಿಗೆಲ್ಲ ಡಂಗುರ ಯಾಕೆ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಕೊನೆಯ ಶನಿವಾರ. ಅದರಾಚೆ ಎರಡು ದಿನಕ್ಕೆ ಆಪರೇಷನ್ ಆಗಿ ವರ್ಷ ತುಂಬುತ್ತಿತ್ತು. ಸಂಜೆ ಗುಡಿಯಲ್ಲಿ ಅಭಿಷೇಕಕ್ಕೆ ಹೇಳಿಯಾಗಿತ್ತು, ನನ್ನ ಗಂಡ ಅಲ್ಲಿಗೇ ಬಂದು ಕಾಯುವುದಿತ್ತು. ದಾರಿಯ ಎರಡೂ ಬದಿ ಎದೆಯೆತ್ತರದ ಮೆಕ್ಕೆಜೋಳ, ಬೇಲಿಯಾಚೆ ಕಣ್ಣಿಗೆ ನೊಣ ಕೂರದಂತೆ ಬಲೆ ಕಟ್ಟಿಸಿಕೊಂಡ ಕುದುರೆಗಳು, ಟೊಮೆಟೊ, ದುಡ್ಡು ಹಾಕುವ ಡಬ್ಬಿ ಎರಡೇ ಇದ್ದು ಮಾರುವವರೇ ಇಲ್ಲದ ಕಟ್ಟೆ. ನಮ್ಮ ಭಕ್ತಮಂಡಳಿಗೆ ಇದು ಯಾವುದೂ ಬೇಡ. ಪ್ರಾಪರ್ಟಿ ಟ್ಯಾಕ್ಸ್, ಮಕ್ಕಳ ಕಾಲೇಜು, ಯಾರ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು. ಕುದುರೆ ಕಂಡರೆ ಸೆಲ್ಫಿ. ಮುಂದೆ ಸೀಟಿ: “ಲೆಫ್ಟ್ ಸೈಡ್! ಫೇಸ್ ದ ಟ್ರಾಫಿಕ್! ಆಂಟಿ, ನಿಮಗೇ ಹೇಳಿದ್ದು!”

ಮಧ್ಯಾಹ್ನದ ಹೊತ್ತಿಗೆ ಬಂದ ರಸ್ತೆಗೆ ಆಗಷ್ಟೇ ಟಾರು ಸುರಿದು ಜಲ್ಲಿ ಹರಡಿದ್ದರು. ಬಿಸಿಲಿಗೆ ಅದು ಹಲಸಿನ ಅಂಟಿನಂತೆ ಬೂಟು ಹಿಡಿಯುತ್ತಿತ್ತು. ಇಳಿದು ನಡೆಯೋಣವೆಂದರೆ ಒಂದು ಕಡೆ ಚರಂಡಿ, ಇನ್ನೊಂದು ಕಡೆ ಖಾಸಗಿ ಬೇಲಿ. ನನ್ನವು ಹಳೆಯ ಬೂಟು. ಕಾಲೆತ್ತಿದೆ, ಮೇಲಿನದು ಬಂತು, ಅಟ್ಟೆ ಟಾರಿನಲ್ಲೇ ಉಳಿಯಿತು. ನಾಲ್ಕು ಹೆಜ್ಜೆ ಆಚೆ ಇನ್ನೊಂದೂ ಹಾಗೇ ಆಯಿತು.

“ಸ್ಟಾಪ್! ಎವ್ರಿಬಡಿ ಸ್ಟಾಪ್!” ಸೀಟಿ ಊದುತ್ತ ಕ್ಯಾಪ್ಟನ್ ಬಂದರು.

“ಬರಿಗಾಲಲ್ಲೇ ಹೋಗ್ತೇನ್ರಿ,” ಎಂದೆ. “ನಮ್ಮವ್ವ ಶ್ರೀಶೈಲಕ್ಕ ಹಂಗ ಹೋಗಿದ್ಲು.”

“ಪಾದ ಸುಟ್ಕೊಂಡ್ರೆ ಲಯಬಿಲಿಟಿ ಯಾರದು ಮೇಡಂ? ನಂದು!”

ಹಟಕ್ಕೆ ಕಾಲಿಟ್ಟೆ. ಬಿಸಿ ಟಾರು ಅಂಗಾಲಿಗೆ ಕಚ್ಚಿದ್ದೇ ತಡ, ಪ್ರಾಣ ಹೋದಂತಾಗಿ ಕಿರುಚಿದೆ. ವ್ಯಾನಿನ ಕಿಟಕಿಯಿಂದ ಒಬ್ಬ ಹುಡುಗಿ ತಲೆ ಹೊರಹಾಕಿದಳು. “ಹತ್ಕೊಳ್ಳಿ ಆಂಟಿ, ಇಟ್ಸ್ ಓಕೆ, ಗಾಡ್ ಅಂಡರ್‌ಸ್ಟ್ಯಾಂಡ್ಸ್.”

“ದೇವ್ರಿಗೆ ತಿಳೀತದವಾ. ನನಗ ತಿಳಿಯೂದಿಲ್ಲ,” ಎಂದು ಅಲ್ಲೇ ಅತ್ತೆ. ಅಷ್ಟು ದೂರ ನಡೆದು, ಕೊನೆಯ ದಿನ, ಗುಡಿ ಇನ್ನೆರಡು ತಾಸಿನ ದಾರಿ ಇರುವಾಗ ಹರಕೆ ಮುರಿದುಬೀಳುತ್ತದಲ್ಲ ಎಂದು ಸಂಕಟವಾಯಿತು. ಕ್ಯಾಪ್ಟನ್ನರ ಹೆಂಡತಿ ವ್ಯಾನಿನಿಂದಿಳಿದು ತಮ್ಮ ಚಪ್ಪಲಿ ತಂದುಕೊಟ್ಟರು. ಪುಟ್ಟ ಹೆಂಗಸು, ನನಗೆ ಬೆರಳಷ್ಟೇ ತೂರಿತು. ಉಳಿದ ಭಕ್ತರೆಲ್ಲ ತಂತಮ್ಮ ಬೂಟು ನೋಡಿಕೊಳ್ಳುತ್ತ ನಿಂತರು.

ಕ್ಯಾಪ್ಟನ್ ರಸ್ತೆ ಬದಿಯ ಕಬ್ಬಿಣದ ತಡೆಯ ಮೇಲೆ ಕೂತು ಲೇಸು ಬಿಚ್ಚಿದರು. ದೋಣಿಯಂಥ ಬಿಳಿ ಬೂಟು. “ತಗೊಳ್ಳಿ. ದೊಡ್ಡದಾಗತ್ತೆ, ನ್ಯಾಪ್ಕಿನ್ ತುರುಕಿ.”

“ಮತ್ತ ನೀವು?”

“ನಂಗೆ ಶುಗರ್ ಇದೆ, ಬರಿಗಾಲು ನಾಟ್ ಅಲೌಡ್. ವ್ಯಾನಲ್ಲಿ ಕೂತು ಸೂಪರ್‌ವೈಸ್ ಮಾಡ್ತೀನಿ. ಯಾರಾದ್ರೂ ಒಂದು ಫೋಟೋ ತೆಗೀರಪ್ಪ, ಲೀಡರ್‌ಶಿಪ್ ಅಂದ್ರೆ ಇದು!”

ಥೂ, ಕೊಡುವುದಾದರೆ ಬಾಯಿ ಮುಚ್ಚಿಕೊಂಡು ಕೊಡಬಾರದೇ? ಎಸಿ ವ್ಯಾನ್ ಹತ್ತಲು ಒಂದು ನೆವ ಸಿಕ್ಕಿತು ಮಹಾರಾಯರಿಗೆ ಎಂದುಕೊಂಡೆ. ಹತ್ತುವ ಮೊದಲು ಆ ಕಬ್ಬಿಣದ ತಡೆಗೆ ಸೀಮೆಸುಣ್ಣದ ಗೆರೆ ಎಳೆದು, ತಮ್ಮ ಮುಖ ಸೇರಿಸಿ ಫೋಟೋ ತೆಗೆದುಕೊಂಡರು. ಅದಕ್ಕೂ ನಕ್ಕೆ. ಆಮೇಲೆ ನ್ಯಾಪ್ಕಿನ್ ತುರುಕಿದ ಗಂಡಸಿನ ಬೂಟು ಎಳೆಯುತ್ತ, ಬಾತುಕೋಳಿಯ ಹಾಗೆ ನಡೆದು ಗುಡಿ ಮುಟ್ಟಿದೆ. ಬಾಗಿಲಲ್ಲಿ ನನ್ನ ಗಂಡ ಬಿಳಿ ಪಂಚೆ ಉಟ್ಟು ನಿಂತಿದ್ದ. ಅವನ ಎದೆಯ ಮೇಲೆ ಕೈಯಿಟ್ಟು ನೋಡಿ ಒಳಗೆ ಹೋದೆ.

ಅಭಿಷೇಕ ಮುಗಿಸಿ ಬೂಟು ಹಿಂತಿರುಗಿಸಲು ಬಂದರೆ, ಕ್ಯಾಪ್ಟನ್ ಪಾರ್ಕಿಂಗ್ ಲಾಟಿನಲ್ಲಿ ಬರೀ ಸಾಕ್ಸಿನಲ್ಲಿ ನಿಂತು, ಸೀಟಿ ಊದುತ್ತ ಬಂದವರ ಕಾರುಗಳಿಗೆ ಜಾಗ ತೋರಿಸುತ್ತಿದ್ದರು.

“ಒಳಗ ಯಾಕ ಬರಲಿಲ್ರಿ?”

“ವ್ಯಾನ್ ಹತ್ತಿದವರು ಹೋಗೋ ಹಾಗಿಲ್ಲ. ರೂಲ್ ಮಾಡಿದ್ದು ಯಾರು? ನಾನೇ ತಾನೆ?”

“ಆ ಮಂದಿ ಎಲ್ಲಾ ಹೋಗ್ಯಾರಲ್ರಿ. ಮುಂಜಾನಿಂದ ವ್ಯಾನಿನ್ಯಾಗ ಕುಂತವರು!”

“ಅವರು ಕ್ಯಾಪ್ಟನ್ ಅಲ್ಲ,” ಎಂದರು, ಗದ್ದ ಎತ್ತಿ. ಜಂಬ ನೋಡಿ! “ಫಾಲ್‌ನಲ್ಲಿ ಬಿಸಿಲು ಇಳಿದ ಮೇಲೆ ಬಂದು ಬಾಕಿ ಮುಗಿಸ್ತೀನಿ. ಶೂಸ್ ನೀವೇ ಇಟ್ಕೊಳ್ಳಿ, ಟಾರ್ ಆಗಿದೆ. ನಾನು ಹೊಸದು ತಗೋತೀನಿ.”

ಮನೆಗೆ ಬಂದ ಮೇಲೆ ಫೋನ್ ನೋಡಿದೆ. ಗ್ರೂಪಿನ ತುಂಬ ಗೋಪುರದ ಮುಂದೆ ಹಲ್ಲು ಕಿರಿದ ಫೋಟೋಗಳು. ‘ಕ್ಯಾಪ್ಟನ್ ಬಂದ’ ಎಂಬ ಮೆಸೇಜ್ ಇರಲಿಲ್ಲ. ಇಷ್ಟು ದಿನ ಕಂಡರೆ ಆಗದಿದ್ದ ಆ ಎರಡು ಪದವನ್ನು ನಾನೇ ಹುಡುಕುತ್ತ ಕೂತಿದ್ದೆ.

ಫಾಲ್ ಬಂದಾಗ ಅವರ ಕಾಲಲ್ಲಿ ಹುಣ್ಣಾಗಿ ಡಾಕ್ಟರ್ ನಡೆಯಲು ಬಿಡಲಿಲ್ಲ. ಚಳಿಗಾಲದಲ್ಲಿ, ಸ್ನೋ ತೆಗೆಯುವವನು ಬರುತ್ತಾನೆ ಇರಿ ಎಂದು ಹೆಂಡತಿ ಹೇಳುತ್ತಿದ್ದರೂ ಕೇಳದೆ, ಬೀದಿಯಲ್ಲಿ ಮೊದಲು ತಮ್ಮ ಡ್ರೈವ್‌ವೇಯೇ ಕ್ಲೀನ್ ಆಗಬೇಕೆಂದು ಸಲಿಕೆ ಹಿಡಿದು ಇಳಿದವರು ಅಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಫ್ಯೂನರಲ್ ಹೋಮಿನಲ್ಲಿ ವ್ಯಾನಿನ ಭಕ್ತರೆಲ್ಲ ಸಾಲಾಗಿ ನಿಂತು ‘ನಮ್ಮ ಪಾದಯಾತ್ರೆಯ ಚೇತನ’ ಎಂದು ಮಾತಾಡಿದರು. ಬಾಕಿ ಉಳಿದ ದಾರಿಯ ಸುದ್ದಿ ಒಬ್ಬರೂ ಎತ್ತಲಿಲ್ಲ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಹಿಮ ಕರಗಿದ ಮೇಲೆ ಅವರ ಹೆಂಡತಿಗೆ ಫೋನ್ ಮಾಡಿ, “ವ್ಯಾನ್ ತಗೊಂಡು ಬರ್ರಿ,” ಎಂದೆ. ಸೀಮೆಸುಣ್ಣದ ಗೆರೆ ಎಂದೋ ತೊಳೆದುಹೋಗಿತ್ತು. ಆದರೆ ಕ್ಯಾಪ್ಟನ್ನರ ಫೋನಿನಲ್ಲಿ ಫೋಟೋ ಇತ್ತು: ಸುಣ್ಣದ ಗೋಡೆಯಂಥ ಮುಖ, ಅದರ ಪಕ್ಕದಲ್ಲಿ ಗೆರೆ, ಹಿಂದೆ ಯಾರದೋ ಕೆಂಪು ಮೇಲ್‌ಬಾಕ್ಸ್. ಆ ಮೇಲ್‌ಬಾಕ್ಸ್ ಹುಡುಕಿ, ಅವರ ಬೂಟಿಗೆ ಮತ್ತೆ ನ್ಯಾಪ್ಕಿನ್ ತುರುಕಿ, ಬಲಗಾಲಿಟ್ಟು ಹೊರಟೆ. ಹಿಂದೆ ವ್ಯಾನ್ ಹಜಾರ್ಡ್ ಲೈಟ್ ಹಾಕಿಕೊಂಡು ಮೆಲ್ಲಗೆ ಬಂತು. ದಾರಿಯುದ್ದಕ್ಕೂ ಬೈದೆ. ಬೂಟು ಸಣ್ಣದು ಕೊಂಡುಕೊಳ್ಳಬಾರದಿತ್ತೇ, ಸಲಿಕೆ ಯಾಕೆ ಹಿಡಿದಿರಿ, ಅಷ್ಟು ಜಂಬ ಯಾಕೆ ನಿಮಗೆ ಎಂದು ಜೋರಾಗಿಯೇ ಬೈದೆ. ಅವರ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಅಂಥ ಇನ್ನೊಬ್ಬ ಡಂಭದ ಮನುಷ್ಯನನ್ನು ನಾನು ಕಂಡಿಲ್ಲ. ನನ್ನ ಹರಕೆ ತೀರಿದ್ದು ಅವರ ಬೂಟಿನಲ್ಲಿ ಎಂಬುದೂ ಬದಲಾಗುವುದಿಲ್ಲ.

ಗುಡಿಯ ಮೆಟ್ಟಿಲ ಕೆಳಗೆ ಬೂಟು ಬಿಚ್ಚಿಟ್ಟೆ. ಅವರ ಹೆಂಡತಿಯ ಕೈ ಹಿಡಿದುಕೊಂಡು ಹೊಸ್ತಿಲು ದಾಟಿದೆ. ಆಮೇಲೆ ಫೋನ್ ತೆಗೆದು, ತಿಂಗಳುಗಳಿಂದ ಯಾರೂ ಏನೂ ಬರೆಯದಿದ್ದ ಆ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ:

‘ಕ್ಯಾಪ್ಟನ್ ಬಂದರು.’