ಮರುವಾಯಿಗೆ ಬರಿ ಕೇಳುವವರು ಯಾರು

ಮರುವಾಯಿ ಸುಕ್ಕ ತಿನ್ನುವಾಗ ಆ ಚಿಪ್ಪಿನ ಜೀವಿಗಳ ಸಂಸಾರದ ಬಗ್ಗೆ ಯೋಚಿಸಬಾರದೆಂಬುದು ನನ್ನ ಹಳೆಯ ನಿಯಮ. ಅದನ್ನು ಮುರಿದವಳು ಅಕ್ಕನ ಮಗಳು ಸುಮ. ಮಣಿಪಾಲದಲ್ಲಿ ಜೀವಶಾಸ್ತ್ರ ಕಲಿಸುವ ಅವಳು ಕಳೆದ ಭಾನುವಾರ ಕಾಪುವಿನ ಅಕ್ಕನ ಹಿತ್ತಲಲ್ಲಿ ನನ್ನೊಡನೆ ಮರುವಾಯಿ ಬಿಡಿಸುತ್ತ ಪಾಠ ಶುರುಮಾಡಿದಳು. ಇವಕ್ಕೆ ಮದುವೆಯ ಗೌಜಿಯಿಲ್ಲವಂತೆ. ಗಂಡು ವೀರ್ಯವನ್ನೂ ಹೆಣ್ಣು ಅಂಡವನ್ನೂ ನೀರಿಗೆ ಬಿಟ್ಟು ತಮ್ಮಷ್ಟಕ್ಕೆ ಇರುತ್ತವಂತೆ. ಅದೇ ನೀರಿನಲ್ಲಿ ಯಾರ್ಯಾರದೋ ವೀರ್ಯಾಣುಗಳು ಈಜುತ್ತಿದ್ದರೂ, ತಲೆಯ ತುದಿಯಲ್ಲಿ ಹೊಂದುವ ಪ್ರೋಟೀನಿನ ಅಂಟು ಇದ್ದವನು ಮಾತ್ರ ಅಂಡದ ಹೊದಿಕೆಗೆ ಕಚ್ಚಿಕೊಳ್ಳುತ್ತಾನೆ. ಉಳಿದವರು ತಾಗಿ, ಜಾರಿ, ದಾರಿ ಹಿಡಿಯುತ್ತಾರೆ.

"ಅಂದರೆ ಅಂಡವೂ ಬರಿ ಕೇಳುತ್ತದೆ" ಎಂದೆ.

ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲದ ಗುರುತು. ಒಂದೇ ಬರಿಯವರು ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ಕಡಲಲ್ಲಿ ತದ್ವಿರುದ್ಧ, ತನ್ನ ಜಾತಿಯ ಚಿಪ್ಪಿನವನೇ ಆಗಬೇಕು. ಬರಿ ಯಾವುದೆಂಬ ಒಂದೇ ಪ್ರಶ್ನೆಯಿಂದ ಅಕ್ಕ ಎರ್ಮಾಳಿನಿಂದ ಕುಕ್ಕುಂದೂರಿನವರೆಗಿನ ಮೂವರು ಹುಡುಗರನ್ನು ಚಹಾ ಆರುವ ಮೊದಲೇ ಸಾಗಹಾಕಿದ್ದಾಳೆ. ಸುಮ ಅಂದು ಬಿಡಿಸಿದ ಮರುವಾಯಿಯನ್ನೇ ಮತ್ತೆ ಮೆಟ್ಟುಕತ್ತಿಗೆ ಹಿಡಿಯುತ್ತಿದ್ದುದು ಅದಕ್ಕೇ. ಅವಳೇ ಮೆಚ್ಚಿದ ಬಸವರಾಜ ಮಧ್ಯಾಹ್ನ ಊಟಕ್ಕೆ ಬರುವವನಿದ್ದ. ಬಾಗಲಕೋಟೆ ಕಡೆಯವನು, ಮಣಿಪಾಲದಲ್ಲಿ ಕಟ್ಟಡದ ಮೇಸ್ತ್ರಿ.

ಬಂದ. ಬಡಿಸಿದ ಮರುವಾಯಿಯನ್ನು ಚಿಪ್ಪು ಸಮೇತ ಬಾಯಿಗಿಟ್ಟು ಕಟಕ್ಕೆಂದು ಕಡಿದ. ಮರ್ಯಾದೆಗೆ ಅಂಜಿ ಉಗುಳಲೂ ಇಲ್ಲ.

"ಒಳಗಿನದ್ದು ತಿನ್ನುವುದು ಮಾರಾಯ" ಎಂದಳು ಅಕ್ಕ. "ಅದಿರಲಿ, ನಿನ್ನ ಬರಿ ಎಂತದು?"

"ಬರಿ ಅಂದ್ರ ಏನ್ರಿ ಅಮ್ಮಾರ? ನಮ್ಮ ಕಡೆ ಅಂಥಾದ್ದೇನೂ ಇಲ್ರಿ."

ಅಕ್ಕನ ಸೌಟು ಗಾಳಿಯಲ್ಲೇ ನಿಂತಿತು. ಇದೆ ಎಂದವರನ್ನು ಸೋಲಿಸಿ ಅಭ್ಯಾಸವಿತ್ತೇ ಹೊರತು ಇಲ್ಲವೆಂದವನನ್ನು ಏನು ಮಾಡುವುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಇಲ್ಲದ ಬರಿ ನಮ್ಮ ಬರಿಯೇ ಆಗುವುದು ಹೇಗೆ ಅಕ್ಕ?" ಎಂದೆ ಮೆಲ್ಲಗೆ.

"ನೀನು ಸಾರು ಬಡಿಸು."

ಬಡಿಸಿದೆ. ಅವನು ಹೋದ ಮೇಲೆ ಅಕ್ಕ ಸಂಜೆಯವರೆಗೂ ಬೆರಳು ಮಡಚಿ ಬಿಡಿಸಿ ಲೆಕ್ಕ ಹಾಕಿದಳು. ತಪ್ಪು ಸಿಕ್ಕಲಿಲ್ಲ. ನಿಯಮ ಅವಳದ್ದೇ ಅಲ್ವಾ. ಕೊನೆಗೆ ಗಂಡು ತರುವ ದಲ್ಲಾಳಿಗೆ ಫೋನು ಮಾಡಿ, "ಇನ್ನು ನಮ್ಮಲ್ಲಿಗೆ ಯಾರನ್ನೂ ಕರಕೊಂಡು ಬರುವುದು ಬೇಡ" ಎಂದಳು.

ಸುಮ ಅಕ್ಕನಿಗೂ ಕೇಳುವಂತೆ ನನ್ನ ಕಿವಿಗೆ ಬಾಗಿದಳು. "ಒಬ್ಬ ಒಳಗೆ ಹೋದ ಕೂಡಲೇ ಅಂಡ ಉಳಿದವರಿಗೆಲ್ಲ ಬಾಗಿಲು ಹಾಕುತ್ತದೆ ಚಿಕ್ಕಮ್ಮ."

ಬಾಗಿಲು ಹಾಕಿದ್ದಕ್ಕೆ ಒಂದು ಮನೆ ಅಷ್ಟು ನಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.