ಮಾವನಿಗೆ ಜ್ವರ ಬರಲೆಂದು

ನಮ್ಮ ಮನೆಯಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ತೀರಿಕೊಂಡು ನೂರು ವರ್ಷಕ್ಕೂ ಮೇಲಾಗಿದ್ದ ರಷ್ಯನ್ ಸಂಗೀತಕಾರರೊಬ್ಬರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನ ಬ್ರೂಮ್‌ಹಿಲ್ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಇಷ್ಟು ಸಲಿಗೆ ಸಿಕ್ಕಿದ್ದಕ್ಕೆ ಕಾರಣ ನನ್ನ ಮಾವ, ಅಂದರೆ ಸೋದರತ್ತೆಯ ಗಂಡ. ಮೇಷ್ಟ್ರು ವೈದ್ಯಕೀಯ ಓದಿ, ರಸಾಯನಶಾಸ್ತ್ರ ಕಲಿಸುತ್ತ, ಬಿಡುವಾದಾಗ ಮಾತ್ರ ಸಂಗೀತ ಬರೆದವರು. ಮಾವ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು. ಐವತ್ತು ದಾಟಿದ ಮೇಲೆ ಚೆಲ್ಲೋ ಎಂಬ, ಪಿಟೀಲಿನ ದೊಡ್ಡಣ್ಣನಂಥ ವಾದ್ಯವನ್ನು ಕಲಿಯಲು ಹೊರಟವರು. ಹೋಲಿಕೆಗೆ ಇಷ್ಟು ಸಾಕೆಂದು ಮಾವನಿಗೆ ಅನಿಸಿತ್ತು. ಅತ್ತೆಗೆ ಅನಿಸಿರಲಿಲ್ಲ.

"ಅವರು ಬರೆದ್ರು ರೀ. ನೀವು ಬರೀ ಶ್ರುತಿ ಮಾಡ್ಕೋತಾ ಕೂತಿರ್ತೀರಿ."

ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತ ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಮೈಸೂರಿನಿಂದ ತಂದ ಪಿಟೀಲನ್ನು ಬಾಗಿಲು ಹಾಕಿಕೊಂಡೇ ನುಡಿಸುತ್ತಿದ್ದೆ.

ಮೇಷ್ಟ್ರು ಹೆಂಡತಿಗೆ ಅರ್ಪಿಸಿದ ನಾಲ್ಕು ತಂತಿವಾದ್ಯಗಳ ಕೃತಿಯೊಂದಿದೆ. ಅದರ ನಿಧಾನದ ಭಾಗದಲ್ಲಿ ಚೆಲ್ಲೋ ಮೊದಲು ಹಾಡುತ್ತದೆ, ಆಮೇಲೆ ಅದನ್ನೇ ಪಿಟೀಲು ಎತ್ತಿಕೊಳ್ಳುತ್ತದೆ. ಮದುವೆಯಾಗಿ ಮೂವತ್ತು ವರ್ಷ ತುಂಬುವ ದಿನ ಅಷ್ಟನ್ನಾದರೂ ಅತ್ತೆಯ ಮುಂದೆ ನುಡಿಸಬೇಕೆಂಬುದು ಮಾವನ ಹಟ. ಇಪ್ಪತ್ತೈದನೆಯ ವರ್ಷ ರೋಟಾ, ಅಂದರೆ ಆಸ್ಪತ್ರೆಯ ಡ್ಯೂಟಿ ಪಟ್ಟಿ, ಅಡ್ಡ ಬಂದು, ಆಪರೇಷನ್ ಥಿಯೇಟರಿನ ಹೊರಗಿನಿಂದ ಫೋನಿನಲ್ಲಿ ಶುಭಾಶಯ ಹೇಳಿದ್ದರಂತೆ. ಅತ್ತೆ ಅದನ್ನು ಮರೆತಿರಲಿಲ್ಲ. ಮರೆಯಲು ಮಾವನನ್ನೂ ಬಿಟ್ಟಿರಲಿಲ್ಲ.

ಪಿಟೀಲಿಗೆ ನನ್ನನ್ನು ಕರೆದರು. ಅತ್ತೆ ಬಿಟ್ಟು ಬೇರೆ ಯಾರೂ ಕೇಳಕೂಡದೆಂಬ ಷರತ್ತಿನ ಮೇಲೆ ಒಪ್ಪಿದೆ. ಒಂದೇ ಒಂದು ಭಾನುವಾರ ಗ್ಯಾರೇಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೂತು ಅಭ್ಯಾಸ ಮಾಡಿದೆವು. ಎಷ್ಟು ಎಚ್ಚರವಹಿಸಿದರೂ ನನ್ನ ಬೆರಳು ಸ್ವರದಿಂದ ಸ್ವರಕ್ಕೆ ಜಾರಿ ಗಮಕ ಹಾಕಿಬಿಡುತ್ತಿತ್ತು.

"ಏನಮ್ಮಾ, ರಷ್ಯಾದಲ್ಲಿ ಹತ್ತಿಸಿದ್ರೆ ಸೀದಾ ಮೈಸೂರಲ್ಲಿ ಇಳೀತೀಯಲ್ಲ!" ಎಂದರು ಮಾವ.

ಆಮೇಲೆ ಅಭ್ಯಾಸವೇ ಆಗಲಿಲ್ಲ. ಮೇಷ್ಟ್ರ ಮನೆ ಸದಾ ನೆಂಟರಿಂದ ತುಂಬಿರುತ್ತಿತ್ತಂತೆ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆಂದು ಅವರು ಪಿಯಾನೋ ಮುಟ್ಟುತ್ತಿರಲಿಲ್ಲವಂತೆ. ನಮ್ಮಲ್ಲೂ ಪರೀಕ್ಷೆಗೆಂದು ಬಂದವರು, ಕೆಲಸ ಸಿಕ್ಕಿ ಬಾಡಿಗೆ ಮನೆ ಸಿಗದವರು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಆ ತಿಂಗಳು ಹುಬ್ಬಳ್ಳಿ ಕಡೆಯ ಡಾಕ್ಟರ್ ಹುಡುಗಿಯೊಬ್ಬಳು ನೈಟ್ ಡ್ಯೂಟಿ ಮುಗಿಸಿ ಬಂದು ಹಗಲೆಲ್ಲ ಮಲಗುತ್ತಿದ್ದಳು. ಮಲಗುತ್ತಿದ್ದುದು ಚೆಲ್ಲೋ ಇದ್ದ ಕೋಣೆಯಲ್ಲಿ. ಮಾವ ತುದಿಗಾಲಲ್ಲಿ ಬಾಗಿಲತನಕ ಹೋಗಿ, ತುದಿಗಾಲಲ್ಲೇ ಹಿಂತಿರುಗುತ್ತಿದ್ದರು.

ಒಮ್ಮೆ ಊಟಕ್ಕೆ ಕೂತಾಗ ನಾನೊಂದು ಸಂಗತಿ ಹೇಳಿದೆ. ಪಾಠ ಮಾಡಲಾಗದಷ್ಟು ಮೈ ಕೆಟ್ಟಾಗ ಮಾತ್ರ ಮೇಷ್ಟ್ರಿಗೆ ಸಂಗೀತ ಬರೆಯಲು ಪುರುಸೊತ್ತಾಗುತ್ತಿತ್ತು. ಹಾಗಾಗಿ ಗೆಳೆಯರು ಅವರ ಆರೋಗ್ಯ ಕೆಡಲೆಂದೇ ಹಾರೈಸುತ್ತಿದ್ದರಂತೆ. ಅತ್ತೆ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆ; ಇಂಥ ಮಾತನ್ನು ಸುಮ್ಮನೆ ಬಿಡುವವರಲ್ಲ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಗಂಡನನ್ನು ಹೊಸ ರೀತಿಯಲ್ಲಿ ಬೀಳ್ಕೊಟ್ಟರು.

"ಹೋಗಿ ಬನ್ನಿ. ಒಂಚೂರು ಜ್ವರ ಬರ್ಲಿ."

"ಡಾಕ್ಟರ್ ಆಗಿ ಹಿಂಗಂತೀಯಲ್ಲೇ!"

"ಡಾಕ್ಟರ್ ಆಗೇ ಹೇಳ್ತಿರೋದು. ಜಾಸ್ತಿ ಬೇಡ, ನೂರು ಸಾಕು."

ದಿನಾ ಇದೇ ನಡೆಯಿತು. ಕೊನೆಗೆ ವಾರ್ಷಿಕೋತ್ಸವದ ದಿನವೇ ಮಾವನಿಗೆ ನಿಜವಾಗಿಯೂ ಜ್ವರ ಬಂತು. ಆಸ್ಪತ್ರೆಗೆ ಫೋನ್ ಮಾಡಿ ರಜೆ ಹೇಳಿ, ಸ್ವೆಟರ್ ಮೇಲೆ ಮಫ್ಲರ್ ಸುತ್ತಿಕೊಂಡು, ಮಧ್ಯಾಹ್ನ ಅತ್ತೆಯ ಕಾರಿನ ಸದ್ದಾಗುತ್ತಿದ್ದಂತೆ ಆ ಕೋಣೆಯ ಬಾಗಿಲ ಮುಂದೆ ಹೋಗಿ ನಿಂತರು. ಹಿಡಿಯ ಮೇಲೆ ಕೈಯಿಟ್ಟರು. ತೆಗೆದರು. ನಾನು ಹಿಂದೆ ಪಿಟೀಲು ಹಿಡಿದು, ಇದು ಈ ವರ್ಷವೂ ಆಗದೆಂದುಕೊಳ್ಳುತ್ತಿದ್ದೆ. ಸ್ವಲ್ಪ ಸಮಾಧಾನವೂ ಆಗಿತ್ತು.

ಬಾಗಿಲು ಒಳಗಿನಿಂದಲೇ ತೆರೆಯಿತು. ಹುಬ್ಬಳ್ಳಿಯ ಹುಡುಗಿ ರಜಾಯಿ ಹೊದ್ದು ನಿಂತಿದ್ದಳು.

"ಒಳಗ ಬರ್ರಿ ಅಂಕಲ್. ದಿನಾ ಬಾಗಲಾ ತನಕಾ ಬರ್ತೀರಿ, ಹೊಳ್ಳಿ ಹೋಗ್ತೀರಿ. ನಿಮ್ಮ ಹೆಜ್ಜಿ ಸಪ್ಪಳಕ್ಕನ ನಂಗ ನಿದ್ದಿ ಹತ್ತವಲ್ತು. ಒಮ್ಮೆ ಬಾರಿಸಿ ಮುಗಸ್ರಿ!"

ನನ್ನ ಷರತ್ತು ಅಲ್ಲಿಗೆ ಮುಗಿಯಿತು. ಅವಳು ಹಾಸಿಗೆಯ ಮೇಲೆ ಕೂತಳು. ಅತ್ತೆ ಕೋಟು ಕಳಚದೆ, ಕಾರಿನ ಕೀ ಕೈಯಲ್ಲಿ ಹಿಡಿದೇ ಬಾಗಿಲಿಗೆ ಒರಗಿದರು.

ಮಾವ ಶುರು ಮಾಡಿದರು. ನಾನು ಹೆದರಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅರ್ಧ ದಾಟುವಷ್ಟರಲ್ಲಿ ಕೆಮ್ಮು ಬಂದು ಕಮಾನು ನಿಂತಿತು. ಮೇಷ್ಟ್ರು ಒಪೆರಾ ಎಂಬ ಗೀತನಾಟಕವೊಂದನ್ನು ಅರ್ಧಕ್ಕೇ ಬಿಟ್ಟು ತೀರಿಕೊಂಡಾಗ ಗೆಳೆಯರು ಸೇರಿ ಪೂರ್ತಿ ಮಾಡಿದ್ದರು. ಆ ಹೊತ್ತಿನಲ್ಲಿ ನನಗದು ನೆನಪಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಾವನ ಮುಖ ನೋಡಲಾಗದೆ, ನನ್ನ ಸರದಿ ಬರುವ ಮೊದಲೇ ಪಿಟೀಲು ಎತ್ತಿಕೊಂಡೆ, ಅಷ್ಟೆ. ಎರಡು ಕಡೆ ಮೈಸೂರಿಗೆ ಹೋಗಿ ಬಂದೆ. ಯಾರೂ ನಗಲಿಲ್ಲ. ಮಾವ ಮೂಗೊರೆಸಿಕೊಂಡು, ಕೊನೆಯ ಸಾಲಿಗೆ ತುಸು ತಡವಾಗಿ ಬಂದು ಸೇರಿದರು.

ಅತ್ತೆ ಕಾರಿನ ಕೀಯನ್ನು ಕೋಟಿನ ಜೇಬಿಗೆ ಹಾಕಿದರು. ಹತ್ತಿರ ಬಂದು ಮಾವನ ಹಣೆ ಮುಟ್ಟಿ ನೋಡಿದರು.

"ನೂರಾ ಒಂದಿರ್ಬೇಕು. ನಾ ಹೇಳಿದ್ದಕ್ಕಿಂತ ಒಂದು ಜಾಸ್ತಿ."

"ಹೆಂಗಿತ್ತು ಅಂತ ಹೇಳೇ."

"ಹುಷಾರಾಗೋಕೆ ಆತುರ ಮಾಡ್ಬೇಡಿ ರೀ," ಎಂದರು ಅತ್ತೆ. ಹಣೆಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.