ಯಜಮಾನರು ಕೋಲು ಹಿಡಿದ ಕಥೆ

ಹೋದ ವಾರ ಚನ್ನರಾಯಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ನನಗೆ ಸರಿಯಾಗಿ ಮಂಗಳಾರತಿಯಾಯಿತು. ಕುಣಿದದ್ದಕ್ಕಲ್ಲ. ಕುಣಿಯಲು ಸೆರಗು ಸಿಕ್ಕಿಸಿಕೊಂಡದ್ದಕ್ಕೇ!

ತಮ್ಮನ ಮಗಳ ಮದುವೆ. ರಿಸೆಪ್ಷನ್‌ಗೆ ಹಾಸನದ ನಮ್ಮ ಬಡಾವಣೆಯ ಹೆಂಗಸರ ಕೋಲಾಟ. ಯಜಮಾನರು ತೀರಿಕೊಂಡ ಮೇಲೆ ನಾನು ಕೋಲು ಮುಟ್ಟಿರಲಿಲ್ಲ. ಮದುಮಗಳೇ ಬಂದು, "ಅತ್ತೆ, ನೀನ್ ಕುಣೀಲಿಲ್ಲ ಅಂದ್ರೆ ನಾನ್ ಸ್ಟೇಜೇ ಅತ್ತಲ್ಲ" ಅಂತ ಹಟ ಹಿಡಿದಳು. ಎದ್ದೆ. ಅಷ್ಟರಲ್ಲಿ ಯಜಮಾನರ ಅಕ್ಕ, ಅರಕಲಗೂಡಿನ ನಮ್ಮ ಅತ್ತಿಗೆ, ಕೈ ಹಿಡಿದು ಕೂರಿಸಿದರು.

"ಅಲ್ಲ ಕಣಮ್ಮಿ, ನನ್ ತಮ್ಮ ಓಗಿ ಇನ್ನೂ ವರ್ಷ ಕಳ್ದದೆ ಅಷ್ಟೇ. ಆಗ್ಲೇ ಕುಣಿಯಕ್ ನಿಂತ್ಯಾ? ನೋಡ್ದೋರು ಏನಂದ್ಕಂಡಾರು?"

ಅಯ್ಯೋ, ಅವರ ತಮ್ಮನ ಬಾಯಲ್ಲೂ ಬೆಳಗಾದರೆ ಇದೇ ಮಾತು!

ನಮ್ಮ ಯಜಮಾನರದು ಗೊಬ್ಬರದ ಅಂಗಡಿ. ದಿನವೆಲ್ಲ ಜನರ ನಡುವೆ ಇದ್ದರೂ ಮಹಾ ನಾಚಿಕೆಯ ಮನುಷ್ಯ. ಪೇಟೆಗೆ ಹೋದರೆ ನನಗಿಂತ ಹತ್ತು ಹೆಜ್ಜೆ ಮುಂದೆ. (ಹಿಂದೆ ಬರುತ್ತಿರುವವಳು ಹೆಂಡತಿಯೋ ಗಿರಾಕಿಯೋ ಯಾರಿಗೂ ಗೊತ್ತಾಗಬಾರದು!) ತಾಳಿ ಕಟ್ಟುವಾಗ ಫೋಟೋದವನು "ಹುಡುಗೀನ ನೋಡಿ ಸಾ" ಅಂದರೆ ಪುರೋಹಿತರನ್ನು ನೋಡಿದ ಪುಣ್ಯಾತ್ಮ.

ಕೋಲಾಟದ ಪ್ರಾಕ್ಟೀಸ್‌ಗೆ ನನ್ನನ್ನು ಸ್ಕೂಟರಿನಲ್ಲಿ ಬಿಟ್ಟು, ಗೋಡೆಗೆ ಮುಖ ಮಾಡಿ ಪೇಪರ್ ಓದುತ್ತಾ ಕೂರುತ್ತಿದ್ದರು. ಒಮ್ಮೆ ರಾಜ್ಯೋತ್ಸವಕ್ಕೆ ನಮ್ಮ ಜಡೆ ಕೋಲಾಟ ಇತ್ತು. ಮೇಲಿನಿಂದ ಇಳಿಬಿಟ್ಟ ಬಣ್ಣದ ಟೇಪುಗಳನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಕೋಲು ಹೊಡೆಯುತ್ತಾ, ಅರ್ಧ ಜನ ಆ ಕಡೆಗೂ ಅರ್ಧ ಜನ ಈ ಕಡೆಗೂ ಸುತ್ತಿ ಜಡೆ ಹೆಣೆಯಬೇಕು. ಆಮೇಲೆ ಉಲ್ಟಾ ಸುತ್ತಿ ಬಿಚ್ಚಬೇಕು. ಹಿಂದಿನ ದಿನದ ಪ್ರಾಕ್ಟೀಸಿನಲ್ಲೇ ನಮ್ಮ ತಂಡದ ಜಯಕ್ಕ ಕಾಲು ಉಳುಕಿಸಿಕೊಂಡರು. ಜೋಡಿ ತಪ್ಪಿತು. ಪ್ರೋಗ್ರಾಂ ಕ್ಯಾನ್ಸಲ್ ಅಂದರು ಕೋಲಾಟ ಕಲಿಸುವ ಮೇಷ್ಟ್ರು. ನಾನು ಅಲ್ಲೇ ಗಳಗಳ ಅತ್ತುಬಿಟ್ಟೆ.

ಪೇಪರ್ ಕೆಳಗಿಳಿಯಿತು. "ಬರೀ ನಿಂತ್ಕಳಾದಾದ್ರೆ ನಾನ್ ನಿಂತ್ಕತೀನಿ" ಅಂದಿತು ಒಂದು ಸಣ್ಣ ದನಿ. ಯಾರದು ಅಂತ ಎಲ್ಲರೂ ತಿರುಗಿ ನೋಡಿದೆವು.

"ನಿಂತ್ಕಂಡ್ರೆ ಆಯ್ತದಾ ಸಾ? ಪೇಪರ್ ಮಡಗಿ, ಕೋಲ್ ಇಡೀರಿ!" ಅಂದರು ಮೇಷ್ಟ್ರು.

ಪ್ರೋಗ್ರಾಂ ಎಲ್ಲಿ ಗೊತ್ತೇ? ಹೊಳೆನರಸೀಪುರದಲ್ಲಿ. ಇವರ ಹುಟ್ಟೂರು! ಮುಂದಿನ ಸಾಲಿನಲ್ಲಿ ಕೂತವರೆಲ್ಲ ಇವರನ್ನು ಚಡ್ಡಿಯಲ್ಲಿ ನೋಡಿದವರೇ. "ಒಟ್ಟೆ ನೋವು ಕಣೇ" ಅಂತ ಇವರು ಶುರು ಮಾಡಿದರು. ನಾನು ಕರಗಲಿಲ್ಲ. ಪೇಟ ಸುತ್ತಿ ಸ್ಟೇಜಿಗೆ ತಳ್ಳಿದೆ.

ಹಾಡು ಶುರುವಾಯಿತು. ಇವರು ನನಗೆ ಎದುರು ದಿಕ್ಕಿಗೆ ಹೋಗಬೇಕಿತ್ತು. ಹೋದರೇ? ಎದುರಿಗೆ ಬಂದ ಪರಹೆಂಗಸನ್ನು ಕಂಡು ಗಾಬರಿಯಾಗಿ, ಗಿರಕ್ಕನೆ ತಿರುಗಿ ನನ್ನ ಬೆನ್ನು ಹಿಡಿದರು. ನಾನು ಹೋದಲ್ಲೆಲ್ಲ ಹಿಂದೆ ಇವರು! ಜಡೆ ಅನ್ನುವುದು ಗುಬ್ಬಚ್ಚಿ ಗೂಡಾಯಿತು. ಬಿಚ್ಚಿದರೆ ಬಿಚ್ಚದು, ಎಳೆದರೆ ಬಾರದು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಜನ ಬಿದ್ದು ಬಿದ್ದು ನಕ್ಕು, ಶಿಳ್ಳೆ ಹೊಡೆದು, "ಒನ್ಸ್ ಮೋರ್" ಅಂದರು. ಇವರ ಮುಖ ನೋಡಿದೆ. ಸತ್ತೇ ಹೋದರೇನೋ ಅಂದುಕೊಂಡರೆ, ಮನುಷ್ಯ ನಗುತ್ತಿದ್ದಾರೆ! ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾರೆ. ಅಷ್ಟು ವರ್ಷ ಸಂಸಾರ ಮಾಡಿದರೂ ಆ ನಗುವನ್ನು ನಾನು ಕಂಡಿರಲಿಲ್ಲ. ಎಷ್ಟು ಖುಷಿಯಾಯಿತು ಅಂತ ಹೇಗೆ ಹೇಳಲಿ?

ವಾಪಸು ಬರುವಾಗ ಬಸ್ಸಿನಲ್ಲಿ, ಎಲ್ಲರೆದುರು, ನನ್ನ ಪಕ್ಕದಲ್ಲೇ ಕೂತರು. "ಮಾನ ಮರ್ವಾದೆ ಎಲ್ಲಾ ಓಯ್ತು ಕಣೇ" ಅಂದರು. ಪೇಟ ಮಡಿಸಿ ತೊಡೆ ಮೇಲಿಟ್ಟುಕೊಂಡು, "ನಾಳೀಕ್ ಎಷ್ಟೊತ್ಗೆ ಪ್ರಾಕ್ಟೀಸು?" ಅಂತ ಕೇಳಿದರು.

ಆಮೇಲೆ ಅವರು ಕೋಲು ಬಿಡಲೇ ಇಲ್ಲ. ದಿಕ್ಕನ್ನೂ ಕಲಿಯಲಿಲ್ಲ, ಆ ಮಾತು ಬೇರೆ.

ಚನ್ನರಾಯಪಟ್ಟಣದಲ್ಲಿ ನಾನು ಅತ್ತಿಗೆಯ ಕೈ ಮೆಲ್ಲಗೆ ಬಿಡಿಸಿಕೊಂಡೆ. ಕುಣಿದೆ. ಕಾಲು ನೋಯುವವರೆಗೂ, ದುಃಖವೂ ಖುಷಿಯೂ ಒಟ್ಟಿಗೇ ಬರುವವರೆಗೂ ಕುಣಿದೆ. ಅತ್ತಿಗೆ ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ. ಪಾಯಸ ಮಾತ್ರ ನಾನು ಕೇಳಿ ಹಾಕಿಸಿಕೊಂಡೆ.

ಜನಕ್ಕೆ ಅಷ್ಟು ಅಂಜುತ್ತಿದ್ದ ಮನುಷ್ಯನೇ ನಾನು ಅಳಬಾರದು ಅಂತ ಹುಟ್ಟೂರಲ್ಲಿ ಕುಣಿದರು. ಇನ್ನು ನಾನು ಯಾರಿಗೆ ಅಂಜಿ ಕೂರಲಿ, ನೀವೇ ಹೇಳಿ?